ಬೆಳೆಯುವ ಮಗುವಿಗೆ ಒಂದು ಸೈಜು ದೊಡ್ಡದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಗೇರು ಇರುವ ಗಾಡಿ ಓಡಿಸಲು ಬರುವುದಿಲ್ಲ. ಇಪ್ಪತ್ತಾರು ವರ್ಷದಿಂದ ಮದ್ದೂರಿನ ಮನೆಗೂ ನಾನು ವಿಜ್ಞಾನ ಪಾಠ ಮಾಡುವ ಹೈಸ್ಕೂಲಿಗೂ ಮೊಪೆಡ್ಡಿನಲ್ಲೇ ಓಡಾಡುತ್ತಿದ್ದೇನೆ. ಅದಕ್ಕೆ ದಾರಿ ಗೊತ್ತು. ನಾನು ಮೇಲೆ ಕೂತಿರುತ್ತೇನೆ, ಅಷ್ಟೆ. ಶಿಂಷಾ ಸೇತುವೆಯ ಮೇಲೆ ಹಿಂದಿನಿಂದ ಬಸ್ಸಿನವನು ಹಾರನ್ ಹೊಡೆದರೆ ಇಳಿದು ತಳ್ಳಿಕೊಂಡು ಹೋಗುವಷ್ಟು ಧೈರ್ಯವಂತ. ಇಂಥವನನ್ನು ಮೋಟೋಕ್ರಾಸ್ ಬೈಕು, ಅಂದರೆ ಮಣ್ಣಿನ ದಿಬ್ಬಗಳ ಮೇಲೆ ಹಾರಿಸಿಕೊಂಡು ಹೋಗುವ ರೇಸ್ ಬೈಕು, ಆರಿಸಿಕೊಡು ಬಾ ಎಂದು ಕರೆದರು ಅಂದರೆ ನೀವು ನಂಬುವುದಿಲ್ಲ. ಕರೆದರು. ನಾಚಿಕೆಗೇಡಿನ ಸಂಗತಿಯೆಂದರೆ, ನಾನು ಹೋದೆ.

ಕರೆದದ್ದು ಯಾಕೆಂದರೆ ನಾನು ಸೋದರಮಾವ. ನಮ್ಮ ಕಡೆ ಸೋದರಮಾವ ಅನ್ನುವುದು ಸಂಬಂಧವಲ್ಲ, ಹುದ್ದೆ. ಕಿವಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಟ್ಟೆಗೆ ಒದೆಸಿಕೊಳ್ಳುವವನು ಅವನು. ಹುಡುಗಿ ದೊಡ್ಡವಳಾದಾಗ ಹಸಿರು ಸೊಪ್ಪಿನ ಗುಡ್ಲು ಕಟ್ಟಿ ಇರುವೆ ಕಚ್ಚಿಸಿಕೊಳ್ಳುವವನೂ ಅವನೇ. ಇದಕ್ಕೆಲ್ಲ ಯೋಗ್ಯತೆ ಬೇಕಿಲ್ಲ, ಒಬ್ಬ ಅಕ್ಕನೋ ತಂಗಿಯೋ ಇದ್ದರೆ ಆಯಿತು. ರೇಸ್ ಬೈಕಿನ ವಿಚಾರ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ಸೋದರಮಾವನನ್ನು ಬಿಟ್ಟು ತಂದರೆ ಒಳ್ಳೆಯದಲ್ಲ ಎಂದು ತಂಗಿಯ ಗಂಡ ಪುಟ್ಟಸ್ವಾಮಿಗೆ ಅನ್ನಿಸಿತಂತೆ.

ತಂಗಿ ಜಯಮ್ಮನನ್ನು ಕೊಟ್ಟಿರುವುದು ಮಳವಳ್ಳಿ ಹತ್ತಿರದ ಹಳ್ಳಿಗೆ. ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಅಷ್ಟೂ ಹೆಂಗಸರ ರವಿಕೆ ಹೊಲಿಯುತ್ತಾಳೆ. ಪುಟ್ಟಸ್ವಾಮಿ ಕಬ್ಬು, ಭತ್ತದ ರೈತ. ಎತ್ತು ಆರಿಸುವುದರಲ್ಲಿ ಸುತ್ತ ಐದಾರು ಹಳ್ಳಿಗೆ ಅವನದೇ ಕೊನೆಯ ಮಾತು. ಇವರ ಒಬ್ಬಳೇ ಮಗಳು ಸಿಂಚನ, ಹದಿನಾಲ್ಕು ವರ್ಷ. ಹನ್ನೊಂದು ವರ್ಷದವಳಿದ್ದಾಗ ಅಪ್ಪನ ಮೊಪೆಡ್ಡಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಗದ್ದೆಯ ಬದುಗಳನ್ನು ಒಂದಾದ ಮೇಲೊಂದು ಹಾರಿಸಿಕೊಂಡು ಬರುತ್ತಿದ್ದಳು. ಟಿಲ್ಲರು ರಿಪೇರಿಗೆಂದು ಬಂದಿದ್ದ ಮಂಡ್ಯದ ಮೆಕ್ಯಾನಿಕ್ ರಫೀಕ್ ಅದನ್ನು ನೋಡಿದ. ಅವನೂ ಒಂದು ಕಾಲದಲ್ಲಿ ರೇಸಿನಲ್ಲಿ ಓಡಿಸಿದವನು. ಅವಳು ಬಿದ್ದಾಳೆಂದು ಕಾದನಂತೆ. ಅವಳೂ ಬೀಳಲಿಲ್ಲ, ಹೊರೆಯೂ ಬೀಳಲಿಲ್ಲ. ಅಂದಿನಿಂದ ತನ್ನ ಹಳೆಯ ಪುಟ್ಟ ಟೂ ಸ್ಟ್ರೋಕ್ ಬೈಕು ಕೊಟ್ಟು ಭಾನುವಾರ ಭಾನುವಾರ ಕಲಿಸಿದ. ಮಕ್ಕಳ ಪಂದ್ಯಗಳಲ್ಲಿ ಎರಡು ಕಪ್ಪು ಗೆದ್ದಳು. ಒಂದರಲ್ಲಿ ಜಯಮ್ಮ ಗುಂಡುಸೂಜಿ, ಗುಂಡಿ ಹಾಕಿಟ್ಟಿದ್ದಾಳೆ.

ಈಗ ಹುಡುಗಿಯ ಮಂಡಿ ಹ್ಯಾಂಡಲಿಗೆ ಬಡಿಯತೊಡಗಿತ್ತು. ಇನ್ನು ಫೋರ್ ಸ್ಟ್ರೋಕ್ ಗಾಡಿ ಬೇಕು ಎಂದ ರಫೀಕ್. ಪುಟ್ಟಸ್ವಾಮಿ ಮೂರು ದಿನ ಯೋಚಿಸಿ, ಮಗಳನ್ನು ಮುಂದೆ ನಿಲ್ಲಿಸಿಕೊಂಡು ಹೇಳಿದ: "ಒಂದು ಗಾಡಿ ತತ್ತೀನಿ. ಒಂದೇಯ. ಅದ್ರಲ್ಲಿ ಓಡುದ್ಯಾ, ಓಡು. ಆಗ್ನಿಲ್ಲ ಅಂದ್ರೆ ಈ ರೇಸು ಗೀಸು ಎಲ್ಲಾ ಬುಟ್ಟು ಓದ್ಕಬೇಕು. ಆಯ್ತಾ?" ಹುಡುಗಿ ಆಯ್ತು ಎಂದಳು. ಅಂದರೆ ಅವಳ ಹಣೆಬರಹವೆಲ್ಲ ಆರಿಸುವ ಒಂದು ಗಾಡಿಯ ಮೇಲೆ ನಿಂತಿತ್ತು. ಆರಿಸಲು ಹೊರಟವರು ಎತ್ತು ಬಲ್ಲ ಅಪ್ಪ, ಮೊಪೆಡ್ಡು ಬಲ್ಲ ಮಾವ.

ಹಾಗಂತ ನನಗೆ ಏನೂ ಗೊತ್ತಿಲ್ಲವೆಂದು ತಿಳಿಯಬೇಡಿ. ಫೋರ್ ಸ್ಟ್ರೋಕ್ ಇಂಜಿನ್ನಿನ ಚಿತ್ರವನ್ನು ನಾನು ಕಪ್ಪುಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಮಕ್ಕಳಿಗೆ ಅದನ್ನು ನಾನು ವಿವರಿಸುವುದು ಎಲೆಅಡಿಕೆ ಹಾಕುವ ನಮ್ಮ ತಾತನ ಉದಾಹರಣೆಯಿಂದ. ಮೊದಲು ಬಾಯೊಳಕ್ಕೆ ತುಂಬಿಕೊಳ್ಳುವುದು, ಆಮೇಲೆ ಒತ್ತಿ ಅಗಿಯುವುದು, ಮೂರನೆಯದಾಗಿ ಸುಣ್ಣ ಹೊಗೆಸೊಪ್ಪು ಸೇರಿ ಒಳಗೆ ಬಿಸಿಯೇರುವುದು, ನಾಲ್ಕನೆಯದಾಗಿ ಉಗಿಯುವುದು. ನಾಲ್ಕರಲ್ಲಿ ಕೆಲಸ ನಡೆಯುವುದು ಮೂರನೆಯದರಲ್ಲಿ ಮಾತ್ರ, ಮಿಕ್ಕ ಮೂರು ಬರೀ ತಯಾರಿ ಮತ್ತು ವಿಲೇವಾರಿ. ನಮ್ಮ ಕಚೇರಿಗಳೂ ಇದೇ ತತ್ವದ ಮೇಲೆ ನಡೆಯುತ್ತವೆ ಎಂದು ಒಮ್ಮೆ ತರಗತಿಯಲ್ಲಿ ಹೇಳಿಬಿಟ್ಟೆ; ಹಿಂದಿನ ಬೆಂಚಿನಲ್ಲಿ ತಾಲ್ಲೂಕು ಕಚೇರಿಯವರ ಮಗನಿದ್ದ. ಟೂ ಸ್ಟ್ರೋಕಿನವನಿಗೆ ಅಷ್ಟು ತಾಳ್ಮೆಯಿಲ್ಲ. ಅವನು ಉಗಿಯುತ್ತ ಉಗಿಯುತ್ತಲೇ ತುಂಬಿಕೊಳ್ಳುತ್ತಾನೆ. ಅದಕ್ಕೇ ಅವನು ಕೆಣಕಿದಾಗ ಧಿಡೀರನೆ ಹಾರುತ್ತಾನೆ, ಫೋರ್ ಸ್ಟ್ರೋಕಿನವನು ಗಂಭೀರವಾಗಿ ಎಳೆಯುತ್ತಾನೆ. ಇಷ್ಟು ತಿಳಿದವನಿಗೆ ಗಾಡಿ ಆರಿಸುವುದು ಯಾವ ಮಹಾ ಎಂದು ನಾನು ಅಂದುಕೊಂಡೆ. ಪಿಸ್ಟನ್ನಿನ ಮೇಲೆ ಒಂದು ಸೀಟಿರುತ್ತದೆ, ಸೀಟಿನ ಮೇಲೆ ಒಂದು ಮಗು ಕೂರುತ್ತದೆ ಎಂಬುದು ನನ್ನ ಚಿತ್ರದಲ್ಲಿ ಇರಲಿಲ್ಲ.

ರಫೀಕ್ ಫೋನಿನಲ್ಲಿ ಬಿಡಿಸಿಯೇ ಹೇಳಿದ್ದ. "ಮೇಷ್ಟ್ರೇ, ಸೋಮನಹಳ್ಳಿ ಹತ್ರ ಒಬ್ಬ ಹುಡುಗನ ಶೆಡ್ಡಲ್ಲಿ ಎರಡು ಗಾಡಿ ಇದಾವೆ. ನೂರೈವತ್ತು ಸಿಸಿದು ಒಂದು, ಇನ್ನೂರೈವತ್ತರದು ಒಂದು. ನಮ್ ಸಿಂಚುಗೆ ಈಗ ಚಿಕ್ಕದು ಸಾಕು." ತಪ್ಪಾದದ್ದು ಇಲ್ಲಿ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಊಟಕ್ಕೆ ಕೂತವರು 'ಸಾಕು' ಅಂದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು: ಇನ್ನೊಂದು ಮುದ್ದೆ ಹಾಕಬೇಕು. 'ಸಾಕೇ ಸಾಕು' ಅಂದರೆ ಮುದ್ದೆಯ ಮೇಲೆ ಸಾರು ಬಿಡಬೇಕು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರಷ್ಟೇ ಹೊಟ್ಟೆ ತುಂಬಿದೆಯೆಂದು ಅರ್ಥ. ರಫೀಕ್ ಫೋನಿನಲ್ಲಿದ್ದ, ಕೈ ಅಡ್ಡ ಹಿಡಿದನೋ ಇಲ್ಲವೋ ನಮಗೆ ಕಾಣಲಿಲ್ಲ. "ಪಾಪ, ನಮ್ಗೆ ಕಷ್ಟ ಆಯ್ತದೆ ಅಂತ ಸಂಕೋಚಕ್ಕೆ ಯೇಳ್ತಾವ್ನೆ ಭಾವ" ಎಂದ ಪುಟ್ಟಸ್ವಾಮಿ. ಹೌದು ಹೌದು ಎಂದೆ ನಾನು.

ಶೆಡ್ಡಿನಲ್ಲಿ ಎರಡೂ ಗಾಡಿ ಪಕ್ಕ ಪಕ್ಕ ನಿಂತಿದ್ದವು. ಕೆಂಪನೆಯದು ನೂರೈವತ್ತು, ನೀಲಿಯದು ಇನ್ನೂರೈವತ್ತು. ಪುಟ್ಟಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಹೋದ. ಕೊಂಬು ಹಿಡಿದ ಹಾಗೆ ಹ್ಯಾಂಡಲು ಹಿಡಿದು ಅಲ್ಲಾಡಿಸಿದ, ಸೀಟಿನ ಬೆನ್ನು ತಟ್ಟಿದ, ಸುಳಿ ಹುಡುಕುತ್ತ ಸುತ್ತ ಬಂದ. ನೀಲಿ ಗಾಡಿಯ ಟ್ಯಾಂಕಿನ ಮೇಲೊಂದು ತಗ್ಗು ಕಂಡು, "ಇದೆಲ್ಲಿ ಬಿದ್ದಿತ್ತಪ್ಪಾ?" ಎಂದು ಕೇಳಿದ. ಮಾರುವ ಹುಡುಗ ತೊದಲಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕೆಂಪು ಗಾಡಿಯ ಹಿಂದಿನ ಚೈನು ಚಕ್ರದ ಹಲ್ಲಿನ ಮೇಲೆ ಬೆರಳಾಡಿಸಿದ. "ವಂದೇ ವರ್ಸ ಓಡ್ಸಿರದು ಅಂತೀಯ, ಅಲ್ಲು ಚೂಪಾಗೋಗವೆ? ಇದು ಬಾಯ್ಗೂಡಿರೋ ಮಾಲು ಕಣಪ್ಪಾ. ಅದು ನೋಡು, ನಾಕಲ್ಲು." ಬಾಯ್ಗೂಡುವುದೆಂದರೆ ಎತ್ತಿಗೆ ಎಲ್ಲ ಹಲ್ಲೂ ಬಂದು ಪ್ರಾಯ ತುಂಬುವುದು; ನಾಲ್ಕು ಹಲ್ಲಿನದು ಇನ್ನೂ ಎಳೆಯದು. ಹುಡುಗ ಬೆಪ್ಪಾಗಿ, "ಇಲ್ಲ ಸಾರ್, ಎರಡೂವರೆ ವರ್ಷ ಓಡಿದೆ, ಹೊಸ ಚಕ್ರ ಹಾಕಿಕೊಡ್ತೀನಿ" ಎಂದು ಒಪ್ಪಿಕೊಂಡ. ನನ್ನ ಇಪ್ಪತ್ತಾರು ವರ್ಷದ ಪಾಠದಲ್ಲಿ ಇದು ಬಂದಿರಲಿಲ್ಲ. ನಾನೂ ಏನಾದರೂ ಕೇಳಬೇಕಲ್ಲ ಎಂದು, "ಕಂಪ್ರೆಷನ್ ಎಷ್ಟು?" ಎಂದೆ. ಅವನು ಯಾವುದೋ ಅಂಕಿ ಹೇಳಿದ. "ಪರವಾಗಿಲ್ಲ" ಎಂದು ತಲೆಯಾಡಿಸಿದೆ.

ನಮ್ಮ ಜೊತೆ ಬಂದಿದ್ದ ಸಿಂಚನ ಕೆಂಪು ಗಾಡಿ ಹತ್ತಿದಳು. ಎರಡೂ ಪಾದ ಮುಕ್ಕಾಲು ನೆಲಕ್ಕೆ ತಾಕಿದವು. ಕೂತಲ್ಲೇ ಒಮ್ಮೆ ಆಚೆ ಈಚೆ ಮೈ ತೂಗಿ ನಕ್ಕಳು. ನೀಲಿ ಗಾಡಿ ಹತ್ತಿದಳು. ಒಂದು ಕಡೆ ಹೆಬ್ಬೆರಳ ತುದಿ ತಾಕಿದರೆ ಇನ್ನೊಂದು ಕಡೆ ಗಾಳಿ. ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು: "ಮಾವ, ಕಾಲು ಎಟುಕ್ತಿಲ್ಲ."

ನಾನೇನು ಹೇಳಿದೆ ಗೊತ್ತೇ? "ಬೆಳೀತಿಯ ಬುಡವ್ವ" ಎಂದೆ.

ಇದು ನನ್ನೊಬ್ಬನ ಮಾತಲ್ಲ, ಇಡೀ ಸೀಮೆಯ ಮಾತು. ನಾನು ಐದನೇ ಕ್ಲಾಸಿಗೆ ಹಾಕಿಕೊಂಡು ಹೋದ ಚಡ್ಡಿ ಏಳನೇ ಕ್ಲಾಸಿನವನ ಅಳತೆಯದು. ನಮ್ಮವ್ವ ದರ್ಜಿಯ ಮುಂದೆ ನನ್ನನ್ನು ನಿಲ್ಲಿಸಿ, "ಬೆಳಿಯೋ ಮಗ, ವಸಿ ದೊಡ್ಡದಾಗೇ ಇರ್ಲಿ" ಅನ್ನುವಳು. ಆ ಚಡ್ಡಿಯ ಒಳಗೆ ನಾನು ಒಂದು ಕಡೆ ತಿರುಗಿದರೆ ಅದು ನಿಧಾನವಾಗಿ ಯೋಚಿಸಿ ಆಮೇಲೆ ತಿರುಗುತ್ತಿತ್ತು. ಚಪ್ಪಲಿಗೆ ಹಿಂದೆ ಎರಡು ಬೆರಳು ಜಾಗ, ಅಂಗಿಯ ತೋಳಿಗೆ ಮೂರು ಸುತ್ತು ಮಡಿಕೆ. ಮದುವೆಗೆ ಹೊಲಿಸಿದ ಕೋಟು ಕೂಡ, ಇಪ್ಪತ್ತೇಳು ವರ್ಷದ ನನಗೆ, ಒಂದು ಸೈಜು ದೊಡ್ಡದು. ಯಾತಕ್ಕೆ ಎಂದು ಕೇಳಿದ್ದಕ್ಕೆ ಅವ್ವ, "ಮದ್ವೆ ಆದ್ಮೇಲೆ ಮೈ ಬತ್ತದೆ" ಎಂದಿದ್ದಳು. ಮೈ ಬಂದಿತು; ಅಷ್ಟರಲ್ಲಿ ಕೋಟಿಗೆ ನುಸಿ ಬಂದಿತ್ತು. ಇಂಥ ಸಂಸ್ಕಾರದಲ್ಲಿ ಬೆಳೆದ ಇಬ್ಬರು ಗಂಡಸರು ಕೆಂಪು ನೀಲಿಗಳ ನಡುವೆ ನಿಂತರೆ ಯಾವುದು ಮನೆಗೆ ಬರುತ್ತದೆ ಹೇಳಿ.

ವ್ಯಾಪಾರಕ್ಕೆ ಪುಟ್ಟಸ್ವಾಮಿ ಹೆಗಲ ಟವಲು ತೆಗೆದು ಹುಡುಗನ ಕೈ ಮೇಲೆ ಹೊದೆಸಿ, ಅದರ ಕೆಳಗೆ ಬೆರಳು ಹಿಡಿದ. ದನದ ಜಾತ್ರೆಯಲ್ಲಿ ಬೆಲೆ ಮಾತಾಡುವುದು ಹೀಗೆಯೇ, ಯಾರಿಗೂ ಕಾಣದ ಹಾಗೆ ಬೆರಳಲ್ಲಿ. ಹುಡುಗ ಗಾಬರಿಯಿಂದ ಕೈ ಕಿತ್ತುಕೊಂಡು, "ಏನ್ ಸಾರ್ ಮಾಡ್ತಿದೀರಾ?" ಎಂದು ನನ್ನ ಕಡೆ ನೋಡಿದ. ಕೊನೆಗೆ ಬಾಯಲ್ಲೇ ಮುಗಿಯಿತು. ನೀಲಿ ಗಾಡಿ ಗೂಡ್ಸ್ ಆಟೋ ಏರಿ ಊರಿಗೆ ಬಂತು. ಜಯಮ್ಮ ಆರತಿ ಎತ್ತಿದಳು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಆಮೇಲೆ ಸೀಟನ್ನೂ ಮಗಳನ್ನೂ ಒಂದು ಸಲ ನೋಡಿ, "ಅಣ್ಣಾ, ಅಳ್ತೆ ತಗಂಡ್ರಾ?" ಎಂದಳು. "ಇದೇನು ರವಿಕೇನಾ ಜಯಮ್ಮ?" ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಭಾನುವಾರ ರಫೀಕ್ ಬಂದ. ಕಬ್ಬು ಕಡಿದು ಖಾಲಿ ಬಿದ್ದಿದ್ದ ಹೊಲದಲ್ಲಿ ಟ್ರಾಕ್ಟರಿನಿಂದ ದಿಬ್ಬ ಹಾಕಿಸಿದ್ದೆವು. ಗಾಡಿ ನೋಡಿದವನೇ ಹಣೆ ಹಿಡಿದುಕೊಂಡ. "ಚಿಕ್ಕದು ಸಾಕು ಅಂದಿದ್ನಲ್ಲ ಗೌಡ್ರೇ!" "ಸಂಕೋಚ್ಕೆ ಅಂದೆ ಅಂದ್ಕಂಡೊ" ಎಂದ ಪುಟ್ಟಸ್ವಾಮಿ. ರಫೀಕನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಂದದ್ದಾಯಿತಲ್ಲ, ನೋಡೋಣ ಎಂದು ಅವಳನ್ನು ಹತ್ತಿಸಿದ. ನೇರ ದಾರಿಯಲ್ಲಿ ಹುಡುಗಿ ಚೆನ್ನಾಗಿಯೇ ಹೋದಳು. ತಿರುವಿನಲ್ಲಿ ಒಳಗಿನ ಕಾಲು ಚಾಚಿ ನೆಲ ಸವರಬೇಕು. ಚಾಚಿದಳು, ನೆಲ ಸಿಗಲಿಲ್ಲ, ಬಿದ್ದಳು. ಎದ್ದು ಮತ್ತೆ ಹತ್ತಿದಳು. ಹತ್ತುವುದಕ್ಕೂ ಯಾರಾದರೂ ಗಾಡಿ ಹಿಡಿಯಬೇಕು. ಅವತ್ತು ಎಂಟು ಸಲ, ಮುಂದಿನ ವಾರ ಆರು ಸಲ. ಅದರ ಮುಂದಿನ ವಾರ ಒಂದು ಸಲವೂ ಬೀಳಲಿಲ್ಲ. ನಾನು ಖುಷಿಯಿಂದ ಚಪ್ಪಾಳೆ ತಟ್ಟಿದರೆ ರಫೀಕ್ ತಲೆಯಾಡಿಸಿದ: "ಬೀಳ್ತಿಲ್ಲ ಯಾಕೆ ಗೊತ್ತಾ ಮೇಷ್ಟ್ರೇ? ಓಡಿಸ್ತಾನೇ ಇಲ್ಲ. ತಿರುವು ಬಂದ್ರೆ ಕೈ ತಾನಾಗೇ ಎಕ್ಸಲೇಟರ್ ಬಿಟ್ಬಿಡುತ್ತೆ. ಮೊದಲು ಕೈ ಹೆದರುತ್ತೆ, ಆಮೇಲೆ ತಲೆ. ತಲೆ ಹೆದರಿದ್ರೆ ಮುಗೀತು."

ಮುಗಿದೇ ಹೋಯಿತು. ನಾಲ್ಕನೆಯ ಭಾನುವಾರ ಸಿಂಚನ ಹೊರಗೆ ಬರಲಿಲ್ಲ. "ನಂಗೆ ಬ್ಯಾಡ ಬುಡಿ, ಓದ್ಕತೀನಿ" ಎಂದಳಂತೆ. ಬೇರೆ ಯಾರ ಮನೆಯಲ್ಲಾದರೂ ಮಗು ಈ ಮಾತು ಹೇಳಿದ್ದರೆ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಪುಟ್ಟಸ್ವಾಮಿ ನೀಲಿ ಗಾಡಿಗೆ ಟಾರ್ಪಾಲು ಹೊದೆಸಿ ಕಟ್ಟಿದ. ಕೊಟ್ಟ ಮಾತಿನ ಪ್ರಕಾರ ಒಂದು ಗಾಡಿ ತಂದಾಗಿತ್ತು, ಆಗಲಿಲ್ಲ, ಲೆಕ್ಕ ಚುಕ್ತಾ.

ಸುದ್ದಿ ತಿಳಿದು ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಹೋದೆ. ಸಿಂಚನ ನಡುಮನೆಯಲ್ಲಿ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದಳು. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಬೇರೆ ಸಂತೋಷ ಬೇಕೆ? ನನಗೆ ಆ ಪುಸ್ತಕ ಕಿತ್ತು ಎಸೆಯೋಣ ಅನ್ನಿಸಿತು. ತಲೆಯೆತ್ತದೆ ಕೇಳಿದಳು: "ಮಾವ, ನಾನು ಪುಕ್ಲೀನಾ?"

ಬದು ಹಾರಿಸಿದ ಹುಡುಗಿ ಕೇಳುವ ಪ್ರಶ್ನೆಯೇ ಇದು? ಎದ್ದು ಹೋಗಿ ಟಾರ್ಪಾಲು ಬಿಚ್ಚಿದೆ. ಈ ಗಾಡಿ ಅಂಥದ್ದೇನೂ ಇಲ್ಲ, ನನ್ನಂಥವನೂ ಕೂರಬಹುದು ಎಂದು ತೋರಿಸಿಬಿಡುವುದು ನನ್ನ ಉದ್ದೇಶ. ನನ್ನ ಎತ್ತರ ಐದು ಅಡಿ ಮೂರು ಅಂಗುಲ. ಮೂರು ಅಂಗುಲ ಬೆಳಗಿನ ಹೊತ್ತು ಮಾತ್ರ. ಪುಟ್ಟಸ್ವಾಮಿ ಗಾಡಿ ಹಿಡಿದ, ನಾನು ಪಂಚೆ ಎತ್ತಿ ಕಟ್ಟಿ ಹತ್ತಿದೆ. ಮೇಲಿನಿಂದ ನೋಡಿದರೆ ನೆಲ ಎಲ್ಲೋ ಇತ್ತು. ಎರಡು ಕಾಲೂ ಜೋತಾಡುತ್ತಿದ್ದವು. "ಬುಡ್ಲಾ ಭಾವ?" ಎಂದ ಪುಟ್ಟಸ್ವಾಮಿ. ಬೇಡ ಅನ್ನುವಷ್ಟರಲ್ಲಿ ಬಿಟ್ಟಿದ್ದ. ಗಾಡಿ ಅವಸರವೇನೂ ಮಾಡಲಿಲ್ಲ. ಯೋಚಿಸಿ, ಎಡಕ್ಕೆ ವಾಲಿ, ನನ್ನನ್ನು ರಾಗಿ ಹುಲ್ಲಿನ ಮೆದೆಯೊಳಕ್ಕೆ ಇಳಿಸಿ, ಮೇಲೆ ತಾನೂ ಮಲಗಿತು. ಇಂಜಿನ್ನು ಶುರುವೇ ಆಗಿರಲಿಲ್ಲ.

ನಡುಮನೆಯ ಬಾಗಿಲಲ್ಲಿ ನಗು ಕೇಳಿಸಿತು. ಒಂದು ತಿಂಗಳ ಮೇಲೆ ಮೊದಲ ಸಲ ಆ ಹುಡುಗಿ ನಗುತ್ತಿದ್ದಳು. ಹುಲ್ಲಿನೊಳಗಿಂದಲೇ ಕೂಗಿ ಹೇಳಿದೆ: "ಸಿಂಚೂ, ನೀನು ಪುಕ್ಲಿ ಅಲ್ಲ ಕಣವ್ವಾ! ಗಾಡಿ ಎತ್ರ ಕಣವ್ವಾ!"

ಗಲಾಟೆ ಕೇಳಿ ಜಯಮ್ಮ ಮಿಷನ್ ಬಿಟ್ಟು ಬಂದಳು, ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಅಣ್ಣನಿಗೆ ಪೆಟ್ಟಾಯಿತೇ ಎಂದು ಕೇಳಲಿಲ್ಲ. ಗಾಡಿ ಎತ್ತಿ ನಿಲ್ಲಿಸಿ ಎಂದಳು. ನಿಲ್ಲಿಸಿದೆವು. ನೆಲದಿಂದ ಸೀಟಿನವರೆಗೆ ಟೇಪು ಹಿಡಿದಳು, ಮಗಳ ಕಾಲು ಅಳೆದಳು, ರವಿಕೆಯ ಅಳತೆ ಬರೆಯುವ ನೋಟುಬುಕ್ಕಿನಲ್ಲಿ ಎರಡನ್ನೂ ಬರೆದುಕೊಂಡಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿದಳು.

"ಲಂಗ ಆದ್ರೆ ಮಡಿಕೆ ಆಕಿ ಹೊಲೀತೀನಿ. ಬೆಳ್ದಂಗೆ ಬೆಳ್ದಂಗೆ ಬಿಚ್ತೀನಿ. ಇದ್ಕೆ ಮಡಿಕೆ ಎಲ್ಲದೆ? ಬಿಚ್ಚಿ ನೋಡಾನ."

ಪುಟ್ಟಸ್ವಾಮಿ ಗಾಡಿಯನ್ನು ನೋಡಿದ, ನಿಜವಾಗಿಯೂ ಎಲ್ಲಾದರೂ ಇದೆಯೇನೋ ಅನ್ನುವ ಹಾಗೆ.

"ಎರಡಲ್ಲಿನ್ ಹೋರಿನ ತಂದು ಕಬ್ಬಿನ್ ಗಾಡಿಗೆ ಕಟ್ಟಿದ್ದೀರಾ ಯಾವತ್ತಾದ್ರೂ? ಮಗಳ್ನ ಕಟ್ಟುದ್ರಲ್ಲ!" ಗಂಡನಿಗೆ ಅಷ್ಟು. ನನಗೆ ಇನ್ನೂ ಮೆತ್ತಗೆ, ಇನ್ನೂ ಆಳಕ್ಕೆ: "ಕಾಲು ಎಟುಕಲ್ಲ ಅಂತ ನಿಂಗೇ ಯೇಳುದ್ಲಂತಲ್ಲ ಅಣ್ಣ. ಕೇಳುಸ್ನಿಲ್ವಾ?"

ಕೇಳಿಸಿತ್ತು. ಅದೇ ನಾಚಿಕೆ. ನಮ್ಮ ಮನೆಗಳಲ್ಲಿ ಮಗುವಿಗೆ ಏನಾದರೂ ತರುವಾಗ ಮಗುವನ್ನು ಕೇಳುವುದು ರೂಢಿಯಿಲ್ಲ. ಬರಲಿರುವ ಯಾವುದೋ ದೊಡ್ಡ ಮಗುವಿಗೆ ತರುತ್ತೇವೆ, ಇರುವ ಮಗು ಅದರೊಳಗೆ ಕಾಯುತ್ತಿರಬೇಕು. ನಾನೂ ಕಾದವನೇ. ಕಾದದ್ದು ಮರೆತು ಅವಳಿಗೂ ಕಾಯಲು ಹೇಳಿದೆ.

ಮಾರನೆಯ ದಿನ ನಾಲ್ವರೂ ಸೋಮನಹಳ್ಳಿಗೆ ಹೋದೆವು, ನೀಲಿ ಗಾಡಿ ಆಟೋದಲ್ಲಿ ಹಿಂದೆ. ಈ ಸಲ ಶೆಡ್ಡಿನೊಳಗೆ ಮೊದಲು ಕಾಲಿಟ್ಟವಳು ಜಯಮ್ಮ. ಟೇಪು ಬಿಚ್ಚಿ ಕೆಂಪು ಗಾಡಿಯ ಸೀಟಿನ ಎತ್ತರ, ಹ್ಯಾಂಡಲಿನ ಅಗಲ, ಸೀಟಿಗೂ ಹ್ಯಾಂಡಲಿಗೂ ನಡುವಿನ ಅಂತರ ಎಲ್ಲ ಅಳೆಯತೊಡಗಿದಳು. "ಆಂಟಿ, ಕವರ್ ಹೊಲಿಯೋಕಾ?" ಎಂದು ಹುಡುಗ ಕೇಳಿದ. "ಸುಮ್ಕಿರಪ್ಪ" ಎಂದಳು. ಮಗಳನ್ನು ಹತ್ತಿಸಿ, ಹಿಮ್ಮಡಿಗೂ ನೆಲಕ್ಕೂ ನಡುವೆ ಬೆರಳು ತೂರಿಸಿ ನೋಡಿದಳು. ಎರಡು ಬೆರಳು ಹಿಡಿಸಿತು. "ಇಷ್ಟು ಇರ್ಲಿ. ಬೆಳಿಯೋ ಮಗೀಗೆ ಎರಡು ಬೆರಳು ಬುಡಬೇಕು, ಗೇಣು ಬುಡಬಾರ್ದು." ಆಮೇಲೆ ಯಾರೂ ಇದುವರೆಗೆ ಕೇಳದಿದ್ದ ಪ್ರಶ್ನೆ ಕೇಳಿದಳು: "ನಿಂಗೆ ಎಂಗದೆ ಮಗಾ?"

"ಸಂದಾಗದೆ ಕಣವ್ವಾ" ಎಂದಳು ಸಿಂಚನ. ಹುಡುಗ ಹಲ್ಲು ಸವೆಯದ ಹೊಸ ಚಕ್ರ ಹಾಕಿಕೊಟ್ಟ. ಗಾಡಿ ಬದಲಾಯಿಸುವ ಮಾತುಕತೆಯೂ ಜಯಮ್ಮನದೇ. ಟವಲಿನ ಅಗತ್ಯ ಬೀಳಲಿಲ್ಲ. ಕೊಟ್ಟ ಮಾತೇನಾಯಿತು ಎಂದು ನಾನು ಪುಟ್ಟಸ್ವಾಮಿಯನ್ನು ಕೆಣಕಿದೆ. "ವಂದೇ ಗಾಡಿ ಅಲ್ವಾ ಭಾವ, ಈಗ್ಲೂ ಮನೇಲಿರದು ವಂದೇಯ" ಎಂದ.

ಎರಡು ತಿಂಗಳ ಮೇಲೆ ಮಂಡ್ಯದ ಹೊರಗೆ ಪಂದ್ಯ ನಡೆಯಿತು. ದೂಳಿನಲ್ಲಿ ನನಗೆ ಏನೂ ಕಾಣಲಿಲ್ಲ. ಪ್ರತಿ ಸುತ್ತಿನಲ್ಲೂ ಆ ಕಡೆಯ ತಿರುವಿನಲ್ಲಿ ಒಂದು ಪುಟ್ಟ ಕಾಲು ಚಾಚಿ ನೆಲ ಸವರಿ ಮತ್ತೆ ಒಳಗೆ ಹೋಗುವುದೊಂದೇ ಕಂಡಿತು. ಅದು ಕಂಡಾಗಲೆಲ್ಲ ಜಯಮ್ಮ ನನ್ನ ತೋಳು ಚಿವುಟುತ್ತಿದ್ದಳು. ಸಿಂಚನ ನಾಲ್ಕನೆಯವಳಾಗಿ ಬಂದಳು. ಮೂರನೆಯವನ ಗಾಡಿ ನೋಡಿ ಪುಟ್ಟಸ್ವಾಮಿ, "ಅದ್ರ ಮೈಕಟ್ಟು ಸಂದಾಗದೆ" ಎಂದು ಶುರುಮಾಡಿದ. ಜಯಮ್ಮ ತಿರುಗಿ ನೋಡಿದಳು. ನಿಲ್ಲಿಸಿದ.

ಇದೆಲ್ಲ ಆಗಿ ಒಂದು ವರ್ಷವಾಯಿತು. ಹೋದ ವಾರ ಮದ್ದೂರಿನಿಂದ ಬಿಸಿ ವಡೆ ಕಟ್ಟಿಸಿಕೊಂಡು ಹೋಗಿದ್ದೆ. ಎಲ್ಲರೂ ಜಗಲಿಯ ಮೇಲೆ ಕೂತು ತಿನ್ನುತ್ತಿದ್ದಾಗ ಸಿಂಚನ ಹೊಲದಿಂದ ಬಂದು ಗಾಡಿ ನಿಲ್ಲಿಸಿದಳು. ಮಂಡಿ ತಿಕ್ಕಿಕೊಳ್ಳುತ್ತ, "ಮಾವ, ಗಾಡಿ ಚಿಕ್ಕುದಾಯ್ತು" ಎಂದಳು.

ಪುಟ್ಟಸ್ವಾಮಿಯ ವಡೆ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಅವನ ಸಂಕಟ ನನಗೆ ತಿಳಿಯುತ್ತದೆ. ಆದರೆ ನಿಜ ಹೇಳುತ್ತೇನೆ, ನನಗೆ ಆ ಮಾತು ಕೇಳಿ ಕಣ್ಣು ತುಂಬಿ ಬಂತು. ಐವತ್ತೆರಡು ವರ್ಷದಲ್ಲಿ ನನ್ನ ಯಾವ ವಸ್ತುವೂ ನನಗೆ ಚಿಕ್ಕದಾಗಲಿಲ್ಲ. ಚಡ್ಡಿ ಅಳತೆಗೆ ಬರುವ ಹೊತ್ತಿಗೆ ಹಿಂದೆ ಹರಿದಿತ್ತು, ಚಪ್ಪಲಿಯ ಉಂಗುಟ ಕಿತ್ತಿತ್ತು, ಕೋಟು ನುಸಿಗೆ ಸರಿಯಾಗಿತ್ತು. ಈ ಹುಡುಗಿ ಮಾತ್ರ ಒಂದು ವಸ್ತುವನ್ನು ಸರಿಯಿದ್ದ ದಿನದಿಂದ ಹಿಡಿದು, ಅದು ಚಿಕ್ಕದಾಗುವವರೆಗೂ, ಒಂದು ದಿನವೂ ಬಿಡದೆ ಅನುಭವಿಸಿಬಿಟ್ಟಿದ್ದಳು.

ಪುಟ್ಟಸ್ವಾಮಿ ಎದ್ದ. ಮಿಷನ್ನಿನ ಮೇಲಿದ್ದ ಟೇಪು ತಂದು ಮಗಳ ಕೈಗೆ ಕೊಟ್ಟ. "ಅಳ್ಕವ್ವ" ಎಂದ.

ಸೋದರಮಾವನಲ್ಲವೇ, ನಾನು ಸಲಹೆ ಕೊಡಲು ಬಾಯಿ ತೆರೆದೆ. ಮೂವರೂ ನನ್ನ ಕಡೆ ನೋಡಿದರು. ತೆರೆದ ಬಾಯಿಗೆ ಕೈಯಲ್ಲಿದ್ದ ವಡೆ ಹಾಕಿಕೊಂಡು, ಬಗ್ಗಿ ಕೂತು, ಟೇಪಿನ ಈ ತುದಿಯನ್ನು ಅವಳ ಹಿಮ್ಮಡಿಗೆ ಹಿಡಿದುಕೊಂಡೆ.